ಅನಿಲಕ್ಕೆ ಬೇಡಿಕೆ ಏರುತ್ತಿದೆ, ಸರಿ. ತೆಗೆಯುವವರ ಕೈಗೆ ಎಷ್ಟು ಬರುತ್ತದೆ?

ನೀಲಿಜ್ವಾಲೆ

ಅಮೆರಿಕದ ನೈಸರ್ಗಿಕ ಅನಿಲದ ಲೆಕ್ಕವನ್ನು ತಿಳಿದವರು ಯಾರಾದರೂ ಬಿಡಿಸಿ ಹೇಳುತ್ತೀರಾ? 2024ರಲ್ಲಿ ಅಲ್ಲಿಯ ಪೇಟೆಗೆ ಆಧಾರವಾದ ಹೆನ್ರಿ ಹಬ್ ಧಾರಣೆ ಸರಾಸರಿ 2.2 ಡಾಲರ್ ಆಸುಪಾಸಿನಲ್ಲಿತ್ತು (ಎಂಎಂಬಿಟಿಯು ಲೆಕ್ಕದಲ್ಲಿ, ಅಂದರೆ ಹೆಚ್ಚು ಕಡಿಮೆ ಸಾವಿರ ಘನ ಅಡಿಗೆ). ಹಣದುಬ್ಬರ ಕಳೆದು ನೋಡಿದರೆ ಅಷ್ಟು ಅಗ್ಗದ ವರ್ಷ ದಶಕಗಳಲ್ಲೇ ಇರಲಿಲ್ಲ. 2025ರಲ್ಲಿ ಅದು ಮೂರೂವರೆ ಡಾಲರ್ ಹತ್ತಿರಕ್ಕೆ ಏರಿತು. ಹಡಗಿನಲ್ಲಿ ಹೊರದೇಶಕ್ಕೆ ಹೋಗುವ ದ್ರವೀಕೃತ ಅನಿಲ, ಅಂದರೆ ಎಲ್‌ಎನ್‌ಜಿ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಡೇಟಾ ಕೇಂದ್ರಗಳಿಗೆ ವಿದ್ಯುತ್ ಸಾಲದು ಎಂಬ ಕೂಗು ಬೇರೆ. ಬೇಡಿಕೆ ಇಷ್ಟು ಖಚಿತವಾಗಿದ್ದರೆ ಅನಿಲ ತೆಗೆಯುವ ಕಂಪನಿಗಳಿಗೆ ಮುಂದಿನ ಐದು ವರ್ಷ ಸುಗ್ಗಿಯೇ ಇರಬೇಕಲ್ಲವೇ? ಆದರೂ ಈ ಉದ್ಯಮವನ್ನು ಬಹಳ ಕಾಲದಿಂದ ನೋಡಿದವರು ಅನಿಲ ಎಂದೊಡನೆ ಮುಖ ಸಿಂಡರಿಸುತ್ತಾರೆ. ಯಾಕೆ?

ನಿರ್ವಾಹಕ

ಒಳ್ಳೆಯ ಪ್ರಶ್ನೆ. ಇಂಥ ಷೇರು ಕೊಳ್ಳಿ, ಇಂಥದ್ದು ಮಾರಿ ಎಂಬ ಸಲಹೆ ಮಾತ್ರ ಈ ಎಳೆಯಲ್ಲಿ ಬೇಡ. ಉದ್ಯಮದ ಬಗ್ಗೆ ಎಷ್ಟು ಬೇಕಾದರೂ ಮಾತನಾಡಿ.

ಲೆಕ್ಕಿಗ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿವೆ. ಬೇಡಿಕೆ ಏರುವುದು ಒಂದು, ಉತ್ಪಾದಕನ ಕೈಯಲ್ಲಿ ಹಣ ಉಳಿಯುವುದು ಇನ್ನೊಂದು. ಹಿಂದೆ ನಡೆದದ್ದನ್ನು ನೋಡಿದರೆ ಇವೆರಡೂ ಜೊತೆಯಾಗಿ ನಡೆದದ್ದು ಅಪರೂಪ.

2003ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಆಗಿನ ಕೇಂದ್ರ ಬ್ಯಾಂಕ್ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್ ಸಾಕ್ಷ್ಯ ನುಡಿದು, ದೇಶದ ಅನಿಲ ಸಾಲದು, ಎಲ್‌ಎನ್‌ಜಿ ಆಮದು ಹೆಚ್ಚಬೇಕು ಎಂದರು. ಆಗ ಅದನ್ನು ಅಲ್ಲಗಳೆದವರು ಕಡಿಮೆ. ಎರಡು ವರ್ಷಗಳ ನಂತರ ಕತ್ರೀನಾ, ರೀಟಾ ಚಂಡಮಾರುತಗಳು ಮೆಕ್ಸಿಕೋ ಕೊಲ್ಲಿಯ ಉತ್ಪಾದನೆಯನ್ನು ಕೆಡವಿದಾಗ ಧಾರಣೆ ಮುಗಿಲು ಮುಟ್ಟಿತು. 2008ರ ಬೇಸಿಗೆಯಲ್ಲಿ ಮತ್ತೆ 13 ಡಾಲರ್ ದಾಟಿತು. ಅದೇ ವರ್ಷ ಲೂಸಿಯಾನಾದ ಸಬೀನ್ ಪಾಸ್‌ನಲ್ಲಿ ದೊಡ್ಡದೊಂದು ಆಮದು ಟರ್ಮಿನಲ್ ಬಾಗಿಲು ತೆರೆಯಿತು. ಆದರೆ ಆಮದು ಮಾಡಿಕೊಳ್ಳುವ ಅಗತ್ಯವೇ ಬರಲಿಲ್ಲ. ಶೇಲ್ ಬಂಡೆಯನ್ನು ಅಡ್ಡಲಾಗಿ ಕೊರೆದು, ನೀರಿನ ಒತ್ತಡದಲ್ಲಿ ಬಿರಿಸಿ ಅನಿಲ ತೆಗೆಯುವ ವಿದ್ಯೆ ಅಷ್ಟರಲ್ಲಿ ಕೈಗೂಡಿತ್ತು. ಆಮದಿಗೆಂದು ಕಟ್ಟಿದ ಸಬೀನ್ ಪಾಸ್ 2016ರ ಫೆಬ್ರವರಿಯಲ್ಲಿ ರಫ್ತಿನ ಮೊದಲ ಹಡಗನ್ನು ಕಳುಹಿಸಿತು.

ಈಗ ಉತ್ಪಾದಕರ ಕಥೆ ಕೇಳಿ. 2005ರಲ್ಲಿ ಅಮೆರಿಕ ದಿನಕ್ಕೆ ಸುಮಾರು 50 ಬಿಲಿಯನ್ ಘನ ಅಡಿ ಅನಿಲ ತೆಗೆಯುತ್ತಿತ್ತು. 2024ರಲ್ಲಿ ಅದು 100 ದಾಟಿತ್ತು. ಮಾರಾಟವಾದ ಸರಕು ಇಮ್ಮಡಿ. ಆದರೆ ಅದೇ ಕಾಲದಲ್ಲಿ ತೈಲ ದೈತ್ಯ ಎಕ್ಸಾನ್, ಎಕ್ಸ್‌ಟಿಒ ಎಂಬ ಅನಿಲ ಕಂಪನಿಯನ್ನು ಸಾಲವೂ ಸೇರಿ ಸುಮಾರು 41 ಬಿಲಿಯನ್ ಡಾಲರ್‌ಗೆ ಕೊಂಡಿತು. ಒಪ್ಪಂದವಾದದ್ದು 2009ರ ಡಿಸೆಂಬರ್‌ನಲ್ಲಿ. 2012ರಲ್ಲಿ ಎಕ್ಸಾನ್ ಮುಖ್ಯಸ್ಥ ರೆಕ್ಸ್ ಟಿಲ್ಲರ್‌ಸನ್ ಅನಿಲದಲ್ಲಿ ಎಲ್ಲರೂ ಕೈಸುಟ್ಟುಕೊಳ್ಳುತ್ತಿದ್ದೇವೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಗಣಿ ಕಂಪನಿ ಬಿಎಚ್‌ಪಿ 2011ರಲ್ಲಿ ಅರ್ಕಾನ್ಸಾದ ಫೇಯೆಟ್‌ವಿಲ್ ಶೇಲ್ ಪ್ರದೇಶವನ್ನು 4.75 ಬಿಲಿಯನ್ ಡಾಲರ್ ಕೊಟ್ಟು ಕೊಂಡಿತು. 2018ರಲ್ಲಿ ಮಾರಿದಾಗ ಅದಕ್ಕೆ ಸಿಕ್ಕಿದ್ದು 0.3 ಬಿಲಿಯನ್. ಶೇಲ್ ಯುಗದ ಮುಂಚೂಣಿಯಲ್ಲಿದ್ದ ಚೆಸಪೀಕ್ 2020ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಇವರಲ್ಲಿ ಯಾರೂ ಬೇಡಿಕೆ ಇಲ್ಲದೆ ಸೋತವರಲ್ಲ. ಸೋಲಿಗೆ ಕಾರಣ ಅತಿಯಾದ ಪೂರೈಕೆ. ಆ ಪೂರೈಕೆ ಬಂದದ್ದು ಅವರದೇ ಬಾವಿಗಳಿಂದ.

ತೇಜಿಮಂದಿ

ಲೆಕ್ಕಿಗರೇ, ಇದು ಹಳೆಯ ಸಿದ್ಧಾಂತ. ಆ ಕಾಲದ ಕಂಪನಿಗಳು ಸಾಲ ತಂದು ಕೊರೆಯುತ್ತಿದ್ದವು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಈಗ ಉಳಿದವರು ಬೇರೆ ತಳಿ. 2024ರಲ್ಲಿ ಏನಾಯಿತು ನೋಡಿ. ಅಮೆರಿಕದ ಮುಖ್ಯಭೂಭಾಗದಲ್ಲಿ ದಾಖಲೆಯ ಬೆಚ್ಚನೆಯ ಚಳಿಗಾಲ ಕಳೆದು, ಮಾರ್ಚ್‌ನಲ್ಲಿ ಹೆನ್ರಿ ಹಬ್ ಸರಾಸರಿ ಒಂದೂವರೆ ಡಾಲರ್‌ಗೆ ಕುಸಿಯಿತು. ಇಕ್ಯೂಟಿ ಎಂಬ ಅನಿಲ ಕಂಪನಿ ಕೂಡಲೇ ದಿನಕ್ಕೆ ಸುಮಾರು ಒಂದು ಬಿಲಿಯನ್ ಘನ ಅಡಿ ಉತ್ಪಾದನೆ ಕಡಿತ ಮಾಡಿತು. ಚೆಸಪೀಕ್ ರಿಗ್‌ಗಳನ್ನು (ಬಾವಿ ಕೊರೆಯುವ ಯಂತ್ರಗಳನ್ನು) ಕಡಿಮೆ ಮಾಡಿತು, ಕೊರೆದು ಮುಗಿಸಿದ ಬಾವಿಗಳನ್ನು ಕೊಳವೆಗೆ ಜೋಡಿಸದೆ ಹಾಗೆಯೇ ಇಟ್ಟುಕೊಂಡಿತು. ಹತ್ತು ವರ್ಷಗಳ ಹಿಂದೆ ಇದನ್ನು ಯಾರಾದರೂ ಮಾಡುತ್ತಿದ್ದರೇ?

ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೆಸಪೀಕ್ ಮತ್ತು ಸೌತ್‌ವೆಸ್ಟರ್ನ್ ಕೂಡಿ ಎಕ್ಸ್‌ಪಾಂಡ್ ಎನರ್ಜಿ ಎಂಬ ಒಂದೇ ಕಂಪನಿಯಾದವು. ಆಟಗಾರರು ಕಡಿಮೆಯಾದಷ್ಟೂ ಸಂಯಮ ಹೆಚ್ಚುತ್ತದೆ. ಬೇಡಿಕೆಯೋ, ಹಿಂದೆಂದಿಗಿಂತ ಗಟ್ಟಿ. 2023ರಲ್ಲಿ ಅಮೆರಿಕ ಜಗತ್ತಿನ ಅತಿ ದೊಡ್ಡ ಎಲ್‌ಎನ್‌ಜಿ ರಫ್ತುದಾರನಾಯಿತು. 2024ರಲ್ಲಿ ದಿನಕ್ಕೆ ಸುಮಾರು 12 ಬಿಲಿಯನ್ ಘನ ಅಡಿ ಹೊರಗೆ ಹೋಯಿತು. ಆ ವರ್ಷದ ಕೊನೆಗೆ ಪ್ಲಾಕಮಿನ್ಸ್ ದ್ರವೀಕರಣ ಘಟಕ, ಮರುವರ್ಷದ ಆರಂಭದಲ್ಲಿ ಕಾರ್ಪಸ್ ಕ್ರಿಸ್ಟಿಯ ವಿಸ್ತರಣೆ ಕೆಲಸ ಶುರು ಮಾಡಿದವು. ಇನ್ನೂ ಹಲವು ಕಟ್ಟುವ ಹಂತದಲ್ಲಿವೆ. ಕಬ್ಬಿಣ, ಕಾಂಕ್ರೀಟು ಹಾಕಿ ಕಟ್ಟುತ್ತಿರುವ ಬೇಡಿಕೆ ಇದು, ಗಾಳಿಗೋಪುರ ಎನ್ನುವಂತಿಲ್ಲ.

ಕೊಳವೆಮಾರ್ಗ

ಇಬ್ಬರೂ ಹೆನ್ರಿ ಹಬ್ ಎನ್ನುತ್ತಿದ್ದೀರಿ. ಅದು ಲೂಸಿಯಾನಾದ ಎರಾತ್ ಬಳಿ ಹಲವು ಕೊಳವೆ ಮಾರ್ಗಗಳು ಕೂಡುವ ಒಂದು ಜಾಗ. 1990ರಿಂದ ನ್ಯೂಯಾರ್ಕ್‌ನ ವಾಯಿದೆ ವಹಿವಾಟಿಗೆ ಅದೇ ಆಧಾರ. ಪತ್ರಿಕೆಯಲ್ಲಿ ಬರುವ ಬೆಲೆ ಅಲ್ಲಿಯದು. ಬಾವಿ ಇರುವ ಕಡೆ ಉತ್ಪಾದಕನಿಗೆ ಸಿಗುವ ಬೆಲೆ ಬೇರೆ. ಕೆಲವೊಮ್ಮೆ ಎಷ್ಟು ಬೇರೆ ಎಂದರೆ ಒಂದೇ ಸರಕು ಎಂದು ನಂಬುವುದೇ ಕಷ್ಟ.

ಪಶ್ಚಿಮ ಟೆಕ್ಸಾಸ್‌ನ ವಾಹಾ ಎಂಬ ಅನಿಲ ವಹಿವಾಟಿನ ಕೇಂದ್ರವನ್ನೇ ತೆಗೆದುಕೊಳ್ಳಿ. 2024ರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ವಹಿವಾಟಿನ ದಿನಗಳಲ್ಲಿ ಅಲ್ಲಿ ಧಾರಣೆ ಸೊನ್ನೆಗಿಂತ ಕೆಳಗಿತ್ತು. ಪೆನ್ಸಿಲ್ವೇನಿಯಾ, ಪಶ್ಚಿಮ ವರ್ಜೀನಿಯಾ, ಒಹಾಯೋಗಳ ಅಪಲಾಚಿಯಾ ಪ್ರದೇಶದಲ್ಲಿ ದೇಶದಲ್ಲೇ ಅಗ್ಗವಾಗಿ ಅನಿಲ ತೆಗೆಯಬಹುದು. ಆದರೆ ಹೊರಗೆ ಸಾಗಿಸುವ ಕೊಳವೆಗಳು ತುಂಬಿಹೋಗಿರುವುದರಿಂದ ಅಲ್ಲಿಯ ಧಾರಣೆ ಹೆನ್ರಿ ಹಬ್‌ಗಿಂತ ಸಾಮಾನ್ಯವಾಗಿ ಕೆಳಗೆ. ಈ ವ್ಯತ್ಯಾಸಕ್ಕೆ ಪೇಟೆಯವರು ಬೇಸಿಸ್ ಎನ್ನುತ್ತಾರೆ. ಉತ್ಪಾದಕರ ಭವಿಷ್ಯ ಕೇಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವ ಪ್ರದೇಶದ ಉತ್ಪಾದಕ?

ಅವಸರದ ಓದುಗ

ಸೊನ್ನೆಗಿಂತ ಕೆಳಗೆ ಎಂದರೆ? ಅನಿಲವನ್ನೂ ಕೊಟ್ಟು ಮೇಲೆ ದುಡ್ಡನ್ನೂ ಕೊಡುತ್ತಾರೆಯೇ?

ಕೊಳವೆಮಾರ್ಗ

ಹೌದು, ಹಾಗೆಯೇ. ವಾಹಾ ಇರುವ ಪರ್ಮಿಯನ್ ತೈಲ ಪ್ರದೇಶದಲ್ಲಿ ಕೊರೆಯುವವರು ಹುಡುಕುವುದು ಕಚ್ಚಾತೈಲವನ್ನು. ತೈಲದ ಜೊತೆಗೆ ಅನಿಲ ತಾನಾಗಿ ಬರುತ್ತದೆ. ತೈಲಕ್ಕೆ ಬ್ಯಾರೆಲ್‌ಗೆ 70 ಡಾಲರ್ ಸಿಗುತ್ತಿರುವಾಗ, ಜೊತೆಗೆ ಬಂದ ಅನಿಲವನ್ನು ಸಾಗಹಾಕಲು ಒಂದೆರಡು ಡಾಲರ್ ತೆರಬೇಕಾದರೂ ಅವರು ಬಾವಿ ಮುಚ್ಚುವುದಿಲ್ಲ. ಸುಟ್ಟು ಬಿಡೋಣವೆಂದರೆ ಅದಕ್ಕೆ ಅನುಮತಿಯ ಮಿತಿಗಳಿವೆ, ಹೂಡಿಕೆದಾರರ ಒತ್ತಡವೂ ಇದೆ. ಆದ್ದರಿಂದ ಕೊಳವೆಯಲ್ಲಿ ಜಾಗ ಇರುವವನಿಗೆ ಹಣ ಕೊಟ್ಟು ಅನಿಲ ಒಪ್ಪಿಸುತ್ತಾರೆ.

ಈ ಸಂಗತಿಯನ್ನು ತೇಜಿಮಂದಿಯವರು ಗಮನಿಸಬೇಕು. ಅನಿಲ ಕಂಪನಿಗಳು ಎಷ್ಟೇ ಸಂಯಮ ತೋರಲಿ, ಪರ್ಮಿಯನ್‌ನವರಿಗೆ ಆ ಸಂಯಮದ ಹಂಗಿಲ್ಲ. ಅವರು ಅನಿಲದ ಧಾರಣೆ ನೋಡಿ ಕೊರೆಯುವವರಲ್ಲ. 2024ರ ಶರತ್ಕಾಲದಲ್ಲಿ ಮ್ಯಾಟರ್‌ಹಾರ್ನ್ ಎಂಬ ಕೊಳವೆ ಮಾರ್ಗ ಶುರುವಾಯಿತು, ಸಾಮರ್ಥ್ಯ ದಿನಕ್ಕೆ 2.5 ಬಿಲಿಯನ್ ಘನ ಅಡಿ. ವಾಹಾದ ಉಸಿರು ಸ್ವಲ್ಪ ಸಡಿಲವಾಯಿತು. ಆದರೆ ಸಮಸ್ಯೆ ಅಲ್ಲಿಗೆ ನಿಲ್ಲಲಿಲ್ಲ, 2025ರಲ್ಲೂ ಧಾರಣೆ ಮತ್ತೆ ಮತ್ತೆ ಸೊನ್ನೆಯ ಕೆಳಗೆ ಇಳಿಯಿತು. ಇಂಥ ಪ್ರತಿ ಹೊಸ ಕೊಳವೆಯೂ ಪರ್ಮಿಯನ್‌ನವರಿಗೆ ಬಿಡುಗಡೆ. ಅದೇ ಅನಿಲ ಕರಾವಳಿ ತಲುಪಿ ಹೆನ್ರಿ ಹಬ್‌ನ ನೆರೆಹೊರೆಯಲ್ಲಿ ಮಾರಾಟಕ್ಕೆ ನಿಂತಾಗ, ಅನಿಲವನ್ನೇ ನಂಬಿದವರಿಗೆ ಹೊಸ ಪೈಪೋಟಿ.

ನೀಲಿಜ್ವಾಲೆ

ಹಾಗಾದರೆ ತೈಲದ ಬೆಲೆ ಬಿದ್ದರೆ ಅನಿಲ ಕಂಪನಿಗಳಿಗೆ ಒಳ್ಳೆಯದೇ?

ಕೊಳವೆಮಾರ್ಗ

ಒಂದು ಮಟ್ಟಿಗೆ ಹೌದು. ತೈಲದ ರಿಗ್‌ಗಳು ಇಳಿದರೆ ಜೊತೆ ಅನಿಲದ ಬೆಳವಣಿಗೆಯೂ ನಿಧಾನವಾಗುತ್ತದೆ. ಆದರೆ ಕೂಡಲೇ ಅಲ್ಲ. ಪರ್ಮಿಯನ್ ಬಾವಿ ಹಳತಾದಂತೆ ಅದರಲ್ಲಿ ತೈಲದ ಪಾಲು ಇಳಿದು ಅನಿಲದ ಪಾಲು ಏರುತ್ತದೆ. ತೈಲದ ಉತ್ಪಾದನೆ ಸಮತಟ್ಟಾಗಿ ನಿಂತರೂ ಅನಿಲ ಕೆಲಕಾಲ ಹೆಚ್ಚುತ್ತಲೇ ಇರಬಹುದು.

ಹಡಗುಗಟ್ಟೆ

ಎಲ್‌ಎನ್‌ಜಿ ಬೇಡಿಕೆಯನ್ನು ಖಚಿತ ಎಂದು ಬರೆದಿದ್ದೀರಿ, ಅದರ ಒಪ್ಪಂದಗಳನ್ನು ಸ್ವಲ್ಪ ಬಿಚ್ಚಿ ನೋಡೋಣ. ನನಗೆ ಈ ಎಳೆಯಲ್ಲಿ ಅತಿ ಮುಖ್ಯವೆನಿಸಿದ ಭಾಗವೂ ಇದೇ.

ಸಬೀನ್ ಪಾಸ್‌ನ ಮೊದಲ ಒಪ್ಪಂದಗಳ ಸೂತ್ರ ಹೀಗಿತ್ತು: ಅನಿಲಕ್ಕೆ ಹೆನ್ರಿ ಹಬ್ ಧಾರಣೆಯ ಶೇ 115, ಅದರ ಮೇಲೆ ದ್ರವೀಕರಣ ಶುಲ್ಕ 2.25ರಿಂದ 3 ಡಾಲರ್. ಅನಿಲವನ್ನು ಮೈನಸ್ 162 ಡಿಗ್ರಿಗೆ ತಂಪಾಗಿಸಿ ಅದರ ಗಾತ್ರವನ್ನು ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಸುವ ಖರ್ಚು ಅದು. ಹೆಚ್ಚುವರಿ ಶೇ 15, ಘಟಕದೊಳಗೆ ಉರಿದುಹೋಗುವ ಅನಿಲ ಮತ್ತು ಖರೀದಿಯ ಖರ್ಚಿಗೆ. ಕೊಳ್ಳುವವನಿಗೆ ಒಂದು ಹಕ್ಕೂ ಇದೆ: ಮುಂಚಿತವಾಗಿ ತಿಳಿಸಿ ಹಡಗನ್ನು ರದ್ದು ಮಾಡಬಹುದು. ಶುಲ್ಕ ಮಾತ್ರ ಕಟ್ಟಲೇಬೇಕು.

ಇದರ ಪರಿಣಾಮ ಏನು? ಹೆನ್ರಿ ಹಬ್ 4 ಡಾಲರ್ ಎಂದುಕೊಳ್ಳಿ. ಶೇ 115 ಎಂದರೆ 4.60. ಸಾಗಣೆಗೆ ಒಂದು ಡಾಲರ್ ಎಂದು ಹಿಡಿದರೆ 5.60. ಶುಲ್ಕ ಹೇಗೂ ಹೋದ ಹಣ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೂರೋಪಿನಲ್ಲೋ ಏಷ್ಯಾದಲ್ಲೋ ಧಾರಣೆ ಇದಕ್ಕಿಂತ ಮೇಲಿರುವ ತನಕ ಹಡಗು ಹೊರಡುತ್ತದೆ. ಕೆಳಗಿಳಿದರೆ ಬಂದರಿನಲ್ಲೇ ನಿಲ್ಲುತ್ತದೆ. 2020ರ ಬೇಸಿಗೆಯಲ್ಲಿ ಹೀಗೆಯೇ ಆಯಿತು. ನೂರಕ್ಕೂ ಹೆಚ್ಚು ಹಡಗುಗಳ ಸರಕು ರದ್ದಾಯಿತು. ವರ್ಷದ ಆರಂಭದಲ್ಲಿ ದಿನಕ್ಕೆ 8 ಬಿಲಿಯನ್ ಘನ ಅಡಿಯಷ್ಟಿದ್ದ ರಫ್ತು ಜುಲೈ ಹೊತ್ತಿಗೆ ಸುಮಾರು 3ಕ್ಕೆ ಇಳಿಯಿತು. ಟರ್ಮಿನಲ್ ಕಟ್ಟಿದವರಿಗೆ ಶುಲ್ಕ ಬಂತು. ಬಾವಿ ಕೊರೆದವರ ಅನಿಲ ಒಳನಾಡಿನಲ್ಲೇ ಉಳಿಯಿತು, ಜೂನ್‌ನಲ್ಲಿ ಹೆನ್ರಿ ಹಬ್ ಸರಾಸರಿ 1.63 ಡಾಲರ್.

ಆಗ ಕೋವಿಡ್ ಇತ್ತು, ಮತ್ತೆ ಹಾಗಾಗುವುದಿಲ್ಲ ಎನ್ನಬಹುದು. ಆದರೆ ಕತಾರ್ ತನ್ನ ನಾರ್ತ್ ಫೀಲ್ಡ್ ಅನಿಲ ಕ್ಷೇತ್ರದ ವಿಸ್ತರಣೆಯಿಂದ ವಾರ್ಷಿಕ ಸಾಮರ್ಥ್ಯವನ್ನು 77 ಮಿಲಿಯನ್ ಟನ್ನಿನಿಂದ 2030ರ ಹೊತ್ತಿಗೆ 142 ಮಿಲಿಯನ್ ಟನ್ನಿಗೆ ಏರಿಸುವ ಯೋಜನೆ ಹಾಕಿಕೊಂಡಿದೆ. ಕತಾರಿನ ಅನಿಲ ತೆಗೆಯುವ ಖರ್ಚು ಬಹಳ ಕಡಿಮೆ. ಅಮೆರಿಕದ ಹೊಸ ಘಟಕಗಳೂ ಅದೇ ಕಾಲಕ್ಕೆ ಬರುತ್ತವೆ. ಎಲ್ಲವೂ ಒಟ್ಟಿಗೆ ಪೇಟೆಗೆ ಇಳಿದರೆ ಹೊರದೇಶದ ಧಾರಣೆ ಕುಗ್ಗುತ್ತದೆ. ಆಗ ಹೆನ್ರಿ ಹಬ್ ಧಾರಣೆಗೂ ಒಂದು ಮೇಲ್ಮಿತಿ ಬೀಳುತ್ತದೆ. ರಫ್ತಿನಿಂದ ಅಮೆರಿಕದ ಧಾರಣೆ ಜಗತ್ತಿನ ಧಾರಣೆಯ ಮಟ್ಟಕ್ಕೆ ಏರುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಜಗತ್ತಿನ ಧಾರಣೆಯೇ ಕೆಳಗಿಳಿದು ಇತ್ತ ಬರುವ ಸಾಧ್ಯತೆಯನ್ನು ಅವರು ಎಣಿಸಿದಂತಿಲ್ಲ.

ತೇಜಿಮಂದಿ

ಕಾಗದದ ಮೇಲಿನ ಹೊಸ ಸಾಮರ್ಥ್ಯವೆಲ್ಲ ಹೇಳಿದ ದಿನಕ್ಕೆ ಬಂದದ್ದನ್ನು ನಾನಂತೂ ನೋಡಿಲ್ಲ. ಇನ್ನು ಯೂರೋಪ್. ರಷ್ಯಾದಿಂದ ಜರ್ಮನಿಗೆ ಅನಿಲ ತರುವ ನಾರ್ಡ್ ಸ್ಟ್ರೀಮ್ ಕೊಳವೆ 2022ರ ಸೆಪ್ಟೆಂಬರ್‌ನಲ್ಲಿ ಸ್ಫೋಟಗೊಂಡಿತು. ಉಕ್ರೇನ್ ಮೂಲಕ ಸಾಗುತ್ತಿದ್ದ ರಷ್ಯಾದ ಅನಿಲ 2025ರ ಜನವರಿ 1ಕ್ಕೆ ನಿಂತಿತು. ಆ ಖಾಲಿ ಜಾಗ ತುಂಬುವವರು ಯಾರು? 2022ರ ಆಗಸ್ಟ್‌ನಲ್ಲಿ ಯೂರೋಪಿನ ಆಧಾರ ಧಾರಣೆಯಾದ ಟಿಟಿಎಫ್ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತ್ತು. ಹೆನ್ರಿ ಹಬ್‌ನ ಅಳತೆಗೆ ತಂದರೆ ಸುಮಾರು 90 ಡಾಲರ್. ಆ ಪೆಟ್ಟು ತಿಂದವರು ದೀರ್ಘ ಒಪ್ಪಂದಗಳನ್ನು ಬಿಡುವುದಿಲ್ಲ.

ಹಡಗುಗಟ್ಟೆ

ಒಪ್ಪಂದ ಬಿಡುವುದಿಲ್ಲ, ನಿಜ. ಶುಲ್ಕ ಕಟ್ಟುತ್ತಾರೆ. ಶುಲ್ಕ ಕಟ್ಟಿದ ಮಾತ್ರಕ್ಕೆ ಅನಿಲ ಎತ್ತುತ್ತಾರೆ ಎಂದಲ್ಲ. ನಾನು ಹೇಳಿದ್ದು ಅಷ್ಟೇ.

ಲೆಕ್ಕಿಗ

ಡೇಟಾ ಕೇಂದ್ರಗಳ ಬಗ್ಗೆ ಒಂದು ಲೆಕ್ಕ ಹಾಕಿ ನೋಡೋಣ. ಸುದ್ದಿಯಲ್ಲಿ ಬರೀ ಗಿಗಾವ್ಯಾಟ್ ಕೇಳಿ ಕೇಳಿ ಪ್ರಮಾಣದ ಅಂದಾಜೇ ತಪ್ಪಿಹೋಗುತ್ತದೆ. ಹೊಸ ಮಾದರಿಯ ಅನಿಲ ಸ್ಥಾವರ ಒಂದು ಮೆಗಾವ್ಯಾಟ್ ಗಂಟೆ ವಿದ್ಯುತ್ತಿಗೆ ಆರೂವರೆಯಿಂದ ಏಳು ಎಂಎಂಬಿಟಿಯು ಅನಿಲ ಉರಿಸುತ್ತದೆ. ಒಂದು ಗಿಗಾವ್ಯಾಟ್ ಸ್ಥಾವರ ಹಗಲಿರುಳೂ ಪೂರ್ತಿ ಓಡಿದರೆ ದಿನಕ್ಕೆ 24,000 ಮೆಗಾವ್ಯಾಟ್ ಗಂಟೆ. ಅಂದರೆ ಸುಮಾರು 0.16 ಬಿಲಿಯನ್ ಘನ ಅಡಿ ಅನಿಲ. ಪೆನ್ಸಿಲ್ವೇನಿಯಾದ ಹೋಮರ್ ಸಿಟಿಯಲ್ಲಿ ಮುಚ್ಚಿದ ಕಲ್ಲಿದ್ದಲು ಸ್ಥಾವರದ ಜಾಗದಲ್ಲಿ 4.4 ಗಿಗಾವ್ಯಾಟ್ ಅನಿಲ ಸ್ಥಾವರದ ಯೋಜನೆ 2025ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡದಕ್ಕೂ 0.7 ಬಿಲಿಯನ್ ಘನ ಅಡಿ ಸಾಕು. ದೊಡ್ಡದೊಂದು ಎಲ್‌ಎನ್‌ಜಿ ಘಟಕ ಇದರ ಮೂರು ಪಟ್ಟು ನುಂಗುತ್ತದೆ.

ಹತ್ತು ಹೋಮರ್ ಸಿಟಿಗಳು ಬಂದರೆ 7 ಬಿಲಿಯನ್. ಅದು ದೊಡ್ಡ ಮೊತ್ತವೇ, ಹಗುರವಾಗಿ ನೋಡುವುದಿಲ್ಲ. ಆದರೆ ಟರ್ಬೈನ್ ಎಲ್ಲಿದೆ? ಜಿಇ ವರ್ನೋವಾ, ಸೀಮೆನ್ಸ್ ಎನರ್ಜಿ, ಮಿತ್ಸುಬಿಷಿ ಮೂವರ ಬಳಿಯೂ ವರ್ಷಗಟ್ಟಲೆ ಸರದಿ ಇದೆ. ಡೇಟಾ ಕೇಂದ್ರಗಳ ಬೇಡಿಕೆಯ ದೊಡ್ಡ ಪಾಲು ಈ ದಶಕದ ಕೊನೆಗೆ ಬರುವಂಥದ್ದು. ಷೇರುಪೇಟೆ ಅದನ್ನು ಇಂದೇ ಬೆಲೆಗೆ ಸೇರಿಸಿಕೊಂಡಿದ್ದರೆ, ಅಲ್ಲಿಯವರೆಗೆ ಕಾಯುವ ಖರ್ಚು ಕೊಂಡವನದ್ದು.

ಹಳೆ ಇಂಜಿನಿಯರ್

ಇನ್ನೊಂದು ಮಾತು ಸೇರಿಸುತ್ತೇನೆ. ವಿದ್ಯುತ್ ವಲಯದ ಬೇಡಿಕೆ ಎರಡೂ ಕಡೆ ತೂಗುವಂಥದ್ದು. ಧಾರಣೆ ಬಿದ್ದರೆ ಕಲ್ಲಿದ್ದಲು ಬಿಟ್ಟು ಅನಿಲ ಉರಿಸುತ್ತಾರೆ. 2012ರ ಏಪ್ರಿಲ್‌ನಲ್ಲಿ ಧಾರಣೆ 2 ಡಾಲರ್‌ಗಿಂತ ಕೆಳಗಿಳಿದಾಗ ಅಮೆರಿಕದ ವಿದ್ಯುತ್ತಿನಲ್ಲಿ ಅನಿಲದ ಪಾಲು ಮೊದಲ ಬಾರಿಗೆ ಕಲ್ಲಿದ್ದಲಿನ ಪಾಲಿಗೆ ಸಮನಾಗಿ ನಿಂತಿತ್ತು. ಈಗ ಅನಿಲದ್ದು ಶೇ 40ರ ಆಸುಪಾಸು. ಧಾರಣೆ ಏರಿದರೆ ಇದು ತಿರುಗುತ್ತದೆ. 2025ರಲ್ಲಿ ಅನಿಲ ದುಬಾರಿಯಾದ ಕೂಡಲೇ ಕಲ್ಲಿದ್ದಲಿನ ವಿದ್ಯುತ್ ಹೆಚ್ಚಿತು. ಟೆಕ್ಸಾಸ್‌ನಂಥ ಕಡೆ ಸೌರಫಲಕ, ಬ್ಯಾಟರಿಗಳೂ ಪಾಲು ಕೇಳುತ್ತಿವೆ. ಹೀಗಾಗಿ 5 ಡಾಲರ್ ಧಾರಣೆ ಎಂದು ಬರೆದುಕೊಂಡು, ಅದೇ ಹಾಳೆಯಲ್ಲಿ 3 ಡಾಲರ್ ಕಾಲದ ಬೇಡಿಕೆಯನ್ನು ಇಟ್ಟು ಗುಣಿಸಬಾರದು. ಹಲವು ವರದಿಗಳಲ್ಲಿ ನಡೆಯುವುದು ಅದೇ.

ಬಾವಿಕಟ್ಟೆ

ಯಾರೂ ಹೇನ್ಸ್‌ವಿಲ್ ಶೇಲ್ ಪ್ರದೇಶದ ಹೆಸರು ಎತ್ತಿಲ್ಲ, ಆಶ್ಚರ್ಯ. ಧಾರಣೆಯ ಮುನ್ನೋಟ ಬೇಕಾದರೆ ನಾನು ಮೊದಲು ನೋಡುವುದು ಅಲ್ಲಿಯ ರಿಗ್‌ಗಳನ್ನು.

ಅಪಲಾಚಿಯಾದಲ್ಲಿ ಅನಿಲ ಅಗ್ಗ, ಆದರೆ ಹೊರದಾರಿ ಇಲ್ಲ. ಅಟ್ಲಾಂಟಿಕ್ ಕೋಸ್ಟ್ ಕೊಳವೆಯನ್ನು 2020ರಲ್ಲಿ ಕೈಬಿಟ್ಟರು. 303 ಮೈಲಿಯ ಮೌಂಟನ್ ವ್ಯಾಲಿ ಕೊಳವೆ ಮುಗಿಯಲು ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಅದು 2024ರ ಜೂನ್‌ನಲ್ಲಿ ಶುರುವಾಗುವ ಹೊತ್ತಿಗೆ ಖರ್ಚು ಮೊದಲ ಅಂದಾಜಿನ ಎರಡು ಪಟ್ಟು ದಾಟಿತ್ತು. ಪರ್ಮಿಯನ್‌ನವರು ಅನಿಲದ ಧಾರಣೆಗೆ ಕಿವಿಗೊಡುವುದಿಲ್ಲ. ಉಳಿದದ್ದು ಲೂಸಿಯಾನಾ ಮತ್ತು ಪೂರ್ವ ಟೆಕ್ಸಾಸ್‌ನ ಹೇನ್ಸ್‌ವಿಲ್. ಎಲ್‌ಎನ್‌ಜಿ ಘಟಕಗಳಿಗೆ ಹತ್ತಿರ, ಕೊಳವೆ ಉಂಟು. ಆದರೆ ಬಂಡೆ ಬಲು ಆಳದಲ್ಲಿದೆ, ಹತ್ತು ಸಾವಿರ ಅಡಿಗೂ ಕೆಳಗೆ. ಒತ್ತಡ, ಉಷ್ಣತೆ ಎರಡೂ ಹೆಚ್ಚು. ಬಾವಿಯ ಖರ್ಚು ದುಬಾರಿ. ಮೊದಲ ವರ್ಷ ಭರ್ಜರಿಯಾಗಿ ಹರಿಯುತ್ತದೆ, ವರ್ಷ ತುಂಬುವುದರೊಳಗೆ ಅರ್ಧಕ್ಕಿಂತ ಹೆಚ್ಚು ಕುಸಿದಿರುತ್ತದೆ.

ಆದ್ದರಿಂದ ಧಾರಣೆ 2 ಡಾಲರ್ ಇದ್ದಾಗ ಅಲ್ಲಿಯ ರಿಗ್‌ಗಳು ಖಾಲಿಯಾಗುತ್ತವೆ, ಉತ್ಪಾದನೆ ಬೇಗ ಇಳಿಯುತ್ತದೆ. 4 ಡಾಲರ್ ಬಂದರೆ ರಿಗ್‌ಗಳು ಮರಳುತ್ತವೆ. ಆರೇಳು ತಿಂಗಳಲ್ಲಿ ಹೊಸ ಅನಿಲ ಕೊಳವೆಯಲ್ಲಿರುತ್ತದೆ. ಕೊರೆದು ಮುಚ್ಚಿಟ್ಟ ಬಾವಿಗಳಿದ್ದರೆ ಇನ್ನೂ ಬೇಗ. ತೇಜಿಮಂದಿಯವರು ಸಂಯಮ ಎಂದು ಹೊಗಳಿದ ಆ ಜೋಡಿಸದ ಬಾವಿಗಳು ನನಗೆ ಬೇರೆಯೇ ಆಗಿ ಕಾಣುತ್ತವೆ: ಧಾರಣೆ ಏರುವುದನ್ನೇ ಕಾಯುತ್ತಿರುವ ಪೂರೈಕೆ. 2 ಡಾಲರ್‌ನಲ್ಲಿ ಸಂಯಮ ತೋರುವುದು ಸುಲಭ, ಬೇರೆ ದಾರಿಯೇ ಇರುವುದಿಲ್ಲ. 5 ಡಾಲರ್‌ನಲ್ಲಿ ಯಾರು ಕೈಕಟ್ಟಿ ಕೂರುತ್ತಾರೆ ನೋಡೋಣ. ಇದರಲ್ಲಿ ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿಗಳೂ ಇವೆ. ಅವರಿಗೆ ತ್ರೈಮಾಸಿಕ ಸಭೆಯಲ್ಲಿ ಯಾರಿಗೂ ಉತ್ತರ ಕೊಡುವ ಗೋಜಿಲ್ಲ.

ಅವಸರದ ಓದುಗ

ಇಷ್ಟು ಬೇಗ ಪೂರೈಕೆ ಬರುವುದಾದರೆ 2022ರಲ್ಲಿ ಧಾರಣೆ 9 ಡಾಲರ್ ಮುಟ್ಟಿದ್ದು ಹೇಗೆ?

ಮಂಜುಬಿಸಿಲು

ಇದಕ್ಕೆ ನಾನು ಉತ್ತರಿಸುತ್ತೇನೆ, ಹವಾಮಾನ ಮತ್ತು ದಾಸ್ತಾನು ನನ್ನ ಹುಚ್ಚು. ಅನಿಲವನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನೆಲದಡಿಯ ದಾಸ್ತಾನಿಗೆ ತುಂಬುತ್ತಾರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರತೆಗೆಯುತ್ತಾರೆ. ಗುರುವಾರದ ಗುರುವಾರ ಅಮೆರಿಕದ ಇಂಧನ ಮಾಹಿತಿ ಆಡಳಿತ ದಾಸ್ತಾನಿನ ಅಂಕಿ ಪ್ರಕಟಿಸುತ್ತದೆ. ಪೇಟೆ ನೋಡುವುದು ಒಂದನ್ನೇ: ಚಳಿ ಮುಗಿಯುವಾಗ ಎಷ್ಟು ಉಳಿದಿರುತ್ತದೆ? ಆ ಉಳಿಕೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಧಾರಣೆ ಜಿಗಿಯುತ್ತದೆ. ಅನಿಲವನ್ನು ತೈಲದಂತೆ ಎಲ್ಲೆಂದರಲ್ಲಿ ಟ್ಯಾಂಕಿಯಲ್ಲಿ ಇಡಲಾಗದು.

2022ರಲ್ಲಿ ದಾಸ್ತಾನು ಸೊರಗಿತ್ತು, ಕಲ್ಲಿದ್ದಲೂ ದುಬಾರಿಯಾಗಿತ್ತು, ಯೂರೋಪ್ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಿತ್ತು. ಜೂನ್‌ನಲ್ಲಿ ಟೆಕ್ಸಾಸ್‌ನ ಫ್ರೀಪೋರ್ಟ್ ಎಲ್‌ಎನ್‌ಜಿ ಘಟಕಕ್ಕೆ ಬೆಂಕಿ ಬಿತ್ತು. ದುರಸ್ತಿಗೆ ತಿಂಗಳುಗಳೇ ಬೇಕು ಎಂದು ತಿಳಿದ ದಿನ ಧಾರಣೆ ಒಂದೇ ಏಟಿಗೆ ಶೇ 15ಕ್ಕೂ ಹೆಚ್ಚು ಬಿತ್ತು. ಅದಾದ ಎರಡೇ ತಿಂಗಳಲ್ಲಿ ಮತ್ತೆ 9 ಡಾಲರ್. ಬಾವಿ ಕೊರೆಯಲು ಆರೇಳು ತಿಂಗಳು ಬೇಕು, ಹವಾಮಾನ ಬದಲಾಗಲು ಒಂದು ವಾರ ಸಾಕು. ಹೆಚ್ಚು ಕಡಿಮೆ ಎಲ್ಲ ಜಿಗಿತಗಳೂ ಆ ಸಂದಿಯಲ್ಲಿ ಹುಟ್ಟಿದವು. 2021ರ ಫೆಬ್ರವರಿಯ ಶೀತಮಾರುತದಲ್ಲಿ ಟೆಕ್ಸಾಸ್, ಒಕ್ಲಹೋಮಾಗಳ ಬಾವಿಗಳೇ ಹೆಪ್ಪುಗಟ್ಟಿದಾಗ ಹೆನ್ರಿ ಹಬ್‌ನಲ್ಲಿ ಅಂದಂದಿನ ಧಾರಣೆ 23 ಡಾಲರ್ ದಾಟಿತು. ಒಕ್ಲಹೋಮಾದ ಒಂದು ಕೇಂದ್ರದಲ್ಲಿ ಸಾವಿರ ಡಾಲರ್ ಮೀರಿತು. ಆದರೆ ಹೆಪ್ಪುಗಟ್ಟಿದ ಬಾವಿಯ ಒಡೆಯನಿಗೆ ಆ ಸಾವಿರ ಡಾಲರ್‌ನಿಂದ ಏನು ಬಂತು? ಮಾರುವೆನೆಂದು ಮೊದಲೇ ಒಪ್ಪಿಕೊಂಡಿದ್ದವರು ಅದೇ ಧಾರಣೆಯಲ್ಲಿ ಕೊಂಡು ತುಂಬಿಸಬೇಕಾಯಿತು.

ನೀಲಿಜ್ವಾಲೆಯವರು ಕೇಳಿದ ಮುಖ ಸಿಂಡರಿಸುವಿಕೆಯ ಮೂಲವೂ ಇಲ್ಲೇ ಇದೆ. ಮಾರ್ಚ್ ಮತ್ತು ಏಪ್ರಿಲ್ ವಾಯಿದೆಗಳ ನಡುವಿನ ಅಂತರದ ಮೇಲೆ ಪಣ ಕಟ್ಟುವುದನ್ನು ಪೇಟೆಯಲ್ಲಿ ವಿಧವೆಯರನ್ನು ಮಾಡುವ ವ್ಯಾಪಾರ ಎಂದೇ ಕರೆಯುತ್ತಾರೆ. 2006ರ ಸೆಪ್ಟೆಂಬರ್‌ನಲ್ಲಿ ಅಮರಾಂತ್ ಎಂಬ ಹೂಡಿಕೆ ನಿಧಿ ಇಂಥ ಪಣಗಳಲ್ಲಿ ಸುಮಾರು 6 ಬಿಲಿಯನ್ ಡಾಲರ್ ಕಳೆದುಕೊಂಡು ಮುಚ್ಚಿಹೋಯಿತು.

ನೀಲಿಜ್ವಾಲೆ

ಸರಿ, 2022ಕ್ಕೇ ಬರೋಣ. ಆ ವರ್ಷವಾದರೂ ಉತ್ಪಾದಕರು ದುಡ್ಡು ಮಾಡಿರಬೇಕಲ್ಲ? ಸರಾಸರಿಯೇ 6 ಡಾಲರ್ ಮೀರಿತ್ತು.

ಲೆಕ್ಕಿಗ

ಮಾಡಿದರು, ಆದರೆ ನೀವು ಎಣಿಸಿದಷ್ಟಲ್ಲ. ಹಲವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾರಣ ಹೆಡ್ಜಿಂಗ್.

ಉತ್ಪಾದಕ ಮುಂದಿನ ವರ್ಷದ ಅನಿಲದ ಒಂದು ಪಾಲನ್ನು ಈಗಲೇ ನಿಗದಿತ ಧಾರಣೆಗೆ ಕಟ್ಟಿಹಾಕಿಕೊಳ್ಳುತ್ತಾನೆ. ಸಾಲ ಕೊಟ್ಟವರು ಬಹುಮಟ್ಟಿಗೆ ಅದನ್ನು ಬಯಸುತ್ತಾರೆ, ಕೆಲವೊಮ್ಮೆ ಷರತ್ತಾಗಿಯೇ ಹಾಕುತ್ತಾರೆ. 2020, 2021ರಲ್ಲಿ ಧಾರಣೆ 2.5 ಅಥವಾ 3 ಡಾಲರ್ ಇದ್ದಾಗ ಕಟ್ಟಿಹಾಕಿಕೊಂಡವರಿಗೆ 2022ರಲ್ಲಿ ಆ ಪಾಲಿಗೆ ಸಿಕ್ಕಿದ್ದೂ ಅಷ್ಟೇ. ಉಳಿದ ಮೊತ್ತ ಎದುರು ಪಕ್ಷಕ್ಕೆ ಹೋಯಿತು. ಸಾಲ ಹೆಚ್ಚಿದ್ದವರು ಹೆಚ್ಚು ಹೆಡ್ಜ್ ಮಾಡಿದ್ದರು, ಆದ್ದರಿಂದ ಏರಿಕೆಯ ಫಲ ಅವರಿಗೇ ಕಡಿಮೆ ದಕ್ಕಿತು.

ಇದರ ಇನ್ನೊಂದು ಮುಖವೂ ಇದೆ. 2024ರಲ್ಲಿ ಒಂದೂವರೆ ಡಾಲರ್ ಬಂದಾಗ ಹೆಡ್ಜ್ ಇದ್ದವರು ನೆಮ್ಮದಿಯಾಗಿ ಉಸಿರಾಡಿದರು. ಈಗ ಹಲವು ಕಂಪನಿಗಳು ಒಂದೇ ಧಾರಣೆಗೆ ಕಟ್ಟಿಹಾಕುವ ಸ್ವಾಪ್ ಬದಲು ಕಾಲರ್ ಕಡೆ ಹೊರಳಿವೆ: ಉದಾಹರಣೆಗೆ 3 ಡಾಲರ್‌ಗಿಂತ ಕೆಳಗೆ ಇಳಿಯದು, 5ಕ್ಕಿಂತ ಮೇಲಿನ ಲಾಭ ಬಿಟ್ಟುಕೊಡುತ್ತೇನೆ ಎಂಬ ಏರ್ಪಾಡು. ಇನ್ನು ಇಕ್ಯೂಟಿ ಹಿಡಿದ ದಾರಿ ಬೇರೆ. 2024ರ ಜುಲೈನಲ್ಲಿ ಇಕ್ವಿಟ್ರಾನ್ಸ್ ಎಂಬ ಕೊಳವೆ ಕಂಪನಿಯನ್ನೇ ತನ್ನೊಳಗೆ ಸೇರಿಸಿಕೊಂಡಿತು. ಸಾಗಣೆ ಖರ್ಚು ಮನೆಯೊಳಗೇ ಉಳಿದರೆ ಎಷ್ಟು ಕಡಿಮೆ ಧಾರಣೆಗೂ ತಾಳಬಹುದು ಎಂಬ ಲೆಕ್ಕ. ಧಾರಣೆಯ ಭವಿಷ್ಯ ನುಡಿಯುವ ಗೋಜಿಗೆ ಹೋಗದೆ ಖರ್ಚಿನ ಕಡೆ ಗಮನ ಕೊಟ್ಟ ಈ ನಡೆ ನನಗೆ ಹಿಡಿಸಿತು. ಅದಕ್ಕಾಗಿ ಹೊತ್ತುಕೊಂಡ ಸಾಲ ಮಾತ್ರ ಸಣ್ಣದಲ್ಲ.

ತೇಜಿಮಂದಿ

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮಾತು ನಾನು ಬಿಡುವುದಿಲ್ಲ. 2 ಡಾಲರ್‌ನ ಯುಗ ಮುಗಿದಿದೆ. ಆಗಾಗ ಬೆಚ್ಚನೆಯ ಚಳಿಗಾಲ ಬಂದು ಕೆಡಿಸಬಹುದು. ಆದರೆ ಸರಾಸರಿ ಮೂರೂವರೆ, ನಾಲ್ಕರ ನಡುವೆ ನಿಂತರೆ ಸಾಲ ಕಡಿಮೆ ಇರುವ, ಖರ್ಚು ಹಿಡಿತದಲ್ಲಿರುವ ಉತ್ಪಾದಕನಿಗೆ ಅದು ಧಾರಾಳ. ಅವರಿಗೆ 9 ಡಾಲರ್ ಬೇಕಾಗಿಲ್ಲ.

ಬಾವಿಕಟ್ಟೆ

ಸರಾಸರಿ ಮೂರೂವರೆ ಎಂಬುದನ್ನು ನಾನೂ ಒಪ್ಪಬಲ್ಲೆ. ಆದರೆ ಆ ಸರಾಸರಿ ಒಂದೂವರೆ ಮತ್ತು ಆರರ ನಡುವೆ ಓಲಾಡಿ ಬರುತ್ತದೆ. ಒಂದೂವರೆ ಇರುವ ವರ್ಷ ಸಾಲದ ಕಂತು ಕಟ್ಟುವವನು ಸರಾಸರಿಯನ್ನು ನಂಬಿ ಬದುಕಲಾರ.

ನೀಲಿಜ್ವಾಲೆ

ಎಲ್ಲರಿಗೂ ವಂದನೆಗಳು. ಕೊನೆಯದೊಂದು. ಕೊಳವೆಮಾರ್ಗ ಅವರೇ, ಯಾವ ಪ್ರದೇಶದ ಉತ್ಪಾದಕ ಎಂದು ಕೇಳಬೇಕು ಎಂದಿರಿ. ಒಂದು ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಅದು ಎಲ್ಲಿ ಕಾಣುತ್ತದೆ?

ಕೊಳವೆಮಾರ್ಗ

ಮೊದಲು ಅವರಿಗೆ ನಿಜವಾಗಿ ದೊರೆತ ಸರಾಸರಿ ಧಾರಣೆ ಹುಡುಕಿ; ಹೆಡ್ಜ್ ಸೇರಿಸಿ ಒಂದು, ಸೇರಿಸದೆ ಒಂದು, ಎರಡನ್ನೂ ಕೊಟ್ಟಿರುತ್ತಾರೆ. ಅದೇ ಅವಧಿಯ ಹೆನ್ರಿ ಹಬ್ ಸರಾಸರಿಯ ಪಕ್ಕದಲ್ಲಿ ಇಡಿ. ಹೆಡ್ಜ್ ಸೇರಿಸದ ಅಂಕಿಗೂ ಹೆನ್ರಿ ಹಬ್‌ಗೂ ಇರುವ ಅಂತರವೇ ಆ ಕಂಪನಿ ನೆಲೆಸಿರುವ ಜಾಗದ ಬೆಲೆ. ಅಲ್ಲಿಗೆ ನಿಲ್ಲಿಸಬೇಡಿ. ಕೊಳವೆಯಲ್ಲಿ ಜಾಗ ಕಾಯ್ದಿರಿಸಲು ಅವರು ಹತ್ತು, ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿರುತ್ತಾರೆ. ಅನಿಲ ಹರಿಸಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಕೊಳವೆ ಇಕ್ಕಟ್ಟಾಗಿರುವಾಗ ಅದು ಆಸ್ತಿ. ಪಕ್ಕದಲ್ಲಿ ಹೊಸ ಕೊಳವೆ ಬಂದು ಜಾಗ ಅಗ್ಗವಾದ ದಿನ ಅದೇ ಹೊರೆ. ಉತ್ಪಾದನೆ ಇಳಿಯುತ್ತಿರುವ ಕಂಪನಿಗೆ ಎರಡು ಪಟ್ಟು ಹೊರೆ. ಸಾಲದ ಪಟ್ಟಿಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಹಿಂದಿನ ಪುಟಗಳ ಟಿಪ್ಪಣಿಗಳಲ್ಲಿ, ಭವಿಷ್ಯದ ಬದ್ಧತೆಗಳು ಎಂಬ ತಲೆಬರಹದ ಕೆಳಗೆ ವರ್ಷವಾರು ಬರೆದಿರುತ್ತದೆ. ಚೆಸಪೀಕ್ ದಿವಾಳಿಯಾದಾಗ ನ್ಯಾಯಾಲಯದ ಮೂಲಕ ಕಳಚಿಕೊಳ್ಳಲು ಯತ್ನಿಸಿದ ಭಾರಗಳಲ್ಲಿ ಈ ಕೊಳವೆ ಒಪ್ಪಂದಗಳೂ ಇದ್ದವು.